ಕಲ್ಲಿನ ಮನೆಗೆ ಮೆಶ್ ವೈಫೈ ಸಾಕಾ, ವೈರ್ ಎಳೆಸಬೇಕಾ? ಎರಡನ್ನೂ ಬಳಸಿದ ಮೇಲೆ ಬರೆದದ್ದು

ಮೊದಲು ಮನೆ ಎಂಥದ್ದು ಅಂತ ಹೇಳಿಬಿಡುತ್ತೇನೆ, ಉಳಿದ ಮಾತೆಲ್ಲ ಅದರ ಮೇಲೇ ನಿಂತಿದೆ. ಕಲಬುರಗಿಯ ಬ್ರಹ್ಮಪುರದ ಕಡೆ ಹಳೇ ಮನೆ. ಮುಂದಿನ ಭಾಗ ಅಜ್ಜನ ಕಾಲದ್ದು. ಶಹಾಬಾದ್ ಕಲ್ಲಿನ ಗೋಡೆ, ದಪ್ಪ ಎರಡು ಅಡಿಗೆ ಹತ್ತಿರ. ಹಿಂದಿನ ಭಾಗ ಮತ್ತು ಮಹಡಿಯ ಕೋಣೆ ಆಮೇಲೆ ಕಟ್ಟಿದ್ದು, ಇಟ್ಟಿಗೆ ಮತ್ತು ಆರ್‌ಸಿಸಿ. ಫೈಬರ್ ಬಂದು ನಿಲ್ಲುವುದು ಮುಂದಿನ ಪಡಸಾಲೆಯಲ್ಲಿ. ನಾನು ಕೂತು ಕೆಲಸ ಮಾಡುವುದು ಮಹಡಿ ಮೇಲೆ. ಪ್ಲಾನ್ 200 ಎಂಬಿಪಿಎಸ್. ಒಂದೇ ರೂಟರ್ ಇದ್ದಾಗ ಮೇಲೆ ಒಂದು ಕಡ್ಡಿ ಸಿಗ್ನಲ್ ಬರುತ್ತಿತ್ತು, ಅದೂ ಬಾಗಿಲಲ್ಲಿ ನಿಂತರೆ.

ಕಲ್ಲಿನ ಗೋಡೆ ಕೊರೆಸೋಕೆ ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಹಾಗಾಗಿ ಮೊದಲು ಬಂದದ್ದು ಮೆಶ್, ಅಂದರೆ ಒಂದಕ್ಕೊಂದು ಮಾತಾಡಿಕೊಂಡು ಮನೆಯಿಡೀ ವೈಫೈ ಹರಡುವ ಡಬ್ಬಿಗಳು. ಎರಡು ಡಬ್ಬಿಯ ಡ್ಯುಯಲ್ ಬ್ಯಾಂಡ್ ಸೆಟ್ (2.4 ಮತ್ತು 5 ಗಿಗಾಹರ್ಟ್ಸ್‌ನ ಎರಡು ರೇಡಿಯೋ ಇರುವಂಥದ್ದು), ಒಂದು ಪಡಸಾಲೆಗೆ, ಇನ್ನೊಂದು ಮಹಡಿಗೆ. ಸೆಟಪ್ ಬಗ್ಗೆ ದೂರೇ ಇಲ್ಲ, ಚಹಾ ಕುಡಿಯೋದ್ರೊಳಗೆ ಮುಗೀತು. ಮನೆಯಿಡೀ ಒಂದೇ ಹೆಸರಿನ ವೈಫೈ. ಫೋನ್ ಹಿಡಿದು ಮೇಲೆ ಕೆಳಗೆ ಓಡಾಡಿದರೂ ವಾಟ್ಸಾಪ್ ಕಾಲ್ ಕಟ್ ಆಗಲ್ಲ.

ವೇಗ ಮಾತ್ರ ಬೇರೆ ಕಥೆ. ಪಡಸಾಲೆಯಲ್ಲಿ 180 ಬಂದರೆ ಮಹಡಿಯಲ್ಲಿ 40. ಡ್ಯುಯಲ್ ಬ್ಯಾಂಡ್ ಮೆಶ್‌ನಲ್ಲಿ ಮೇಲಿನ ಡಬ್ಬಿ ಅದೇ ರೇಡಿಯೋದಲ್ಲಿ ಕೆಳಗಿನ ಡಬ್ಬಿಯ ಮಾತು ಕೇಳಬೇಕು, ಅದನ್ನೇ ನಿಮ್ಮ ಲ್ಯಾಪ್‌ಟಾಪಿಗೆ ದಾಟಿಸಬೇಕು. ಅಲ್ಲೇ ವೇಗ ಅರ್ಧಕ್ಕೆ ಇಳಿಯುತ್ತದೆ. ಅದರ ಮೇಲೆ ಕಲ್ಲು. 5 ಗಿಗಾಹರ್ಟ್ಸ್ ಅಲೆಗೆ ಅಷ್ಟು ದಪ್ಪ ಗೋಡೆ ದಾಟೋದು ಕಷ್ಟ. ಡಬ್ಬಿಗಳು ಆಗಾಗ 2.4ಕ್ಕೆ ಇಳಿಯುತ್ತಿದ್ದವು. ಅಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಇರೋದೇ ಮೂರು. ಓಣಿಯ ಎಲ್ಲ ರೂಟರ್‌ಗಳೂ ಅದರಲ್ಲೇ ಗದ್ದಲ ಮಾಡುತ್ತಿರುತ್ತವೆ. ಟ್ರೈ ಬ್ಯಾಂಡ್ ಸೆಟ್‌ನಲ್ಲಿ ಡಬ್ಬಿಗಳ ನಡುವಿನ ಮಾತಿಗೇ ಬೇರೆ ರೇಡಿಯೋ ಇರುತ್ತದೆ ನಿಜ. ಆದರೆ ರೇಡಿಯೋ ಎಷ್ಟಿದ್ದರೂ ಕಲ್ಲು ಕಲ್ಲೇ ಅಲ್ವಾ.

ಬೇಸಿಗೆ ಬಂದರೆ ಇನ್ನೊಂದು ತಕರಾರು. ಎರಡು ಡಬ್ಬಿಗಳ ನಡುವೆ ಸಿಗ್ನಲ್‌ಗೆ ಸಲೀಸಾದ ದಾರಿ ಅಂದರೆ ಪಡಸಾಲೆಯ ಹಿಂದಿನ ಕಿಟಕಿ. ಮಾರ್ಚ್ ಬಂತೋ, ಅದೇ ಕಿಟಕಿಗೆ ತಗಡಿನ ದೊಡ್ಡ ಕೂಲರ್ ಬಂದು ಕೂರುತ್ತದೆ. ಸುತ್ತ ತಗಡು, ಕೆಳಗೆ ತೊಟ್ಟಿ ತುಂಬ ನೀರು, ವೈಫೈಗೆ ಎರಡೂ ಆಗಿಬರಲ್ಲ. ಮಹಡಿಯ 40 ಹದಿನೈದಕ್ಕೆ ಇಳಿಯುತ್ತಿತ್ತು. 42 ಡಿಗ್ರಿ ಬಿಸಿಲಲ್ಲಿ ಕೂಲರ್ ತೆಗೀರಿ ಅಂತ ಹೇಳುವ ಧೈರ್ಯ ಯಾರಿಗಿದೆ?

ಇನ್ನು ಕರೆಂಟು. ನಮ್ಮ ಇನ್ವರ್ಟರ್ ಲೈನ್ ಕೆಳಗೆ ಮಾತ್ರ ಇದೆ. ಕರೆಂಟ್ ಹೋದರೆ ಪಡಸಾಲೆಯ ಡಬ್ಬಿ ಬದುಕಿರುತ್ತದೆ, ಮೇಲಿನದು ಸತ್ತಿರುತ್ತದೆ. ಲ್ಯಾಪ್‌ಟಾಪ್ ಚಾರ್ಜ್ ಫುಲ್ ಇದ್ದೂ ಮೀಟಿಂಗ್ ಢಮಾರ್.

ಮನೆಗೆ ಬಣ್ಣ ಹಚ್ಚಿಸುವಾಗ ಕೊನೆಗೂ ಪಡಸಾಲೆಯಿಂದ ಮಹಡಿಗೆ ವೈರ್ (ನೆಟ್‌ವರ್ಕ್ ಕೇಬಲ್) ಎಳೆಸಿದೆ. ಗೋಡೆ ಕೊರೆಯಲಿಲ್ಲ, ಕಿಟಕಿ ಚೌಕಟ್ಟಿನ ಮೂಲೆಯಿಂದ ಹೊರಗೆ ತೆಗೆದೆವು. "ಟಿವಿ ಕೇಬಲ್ ಹಾಕ್ದಂಗ ಹೊರಗಿಂದ ಹಾಕಿ ಬಿಡ್ತೀನ್ರಿ, ಯಾರ್ ನೋಡ್ತಾರ" ಅಂದ ಎಲೆಕ್ಟ್ರಿಷಿಯನ್. ನೋಡುವವರ ಚಿಂತೆ ನನಗೂ ಇರಲಿಲ್ಲ, ಬಿಸಿಲಿನದೇ ಚಿಂತೆ. ಒಳಗಡೆ ಬಳಸುವ ಕೇಬಲ್‌ನ ಹೊದಿಕೆ ಬಿಸಿಲಿಗೆ ಬಿರಿಯುತ್ತದೆ. ಅದಕ್ಕೇ ಹೊರಗಿನ ಭಾಗವನ್ನೆಲ್ಲ ಪಿವಿಸಿ ಪೈಪಿನೊಳಗೆ ಹಾಕಿಸಿದೆ. ಕರೆಂಟ್ ವೈರ್ ಇರುವ ಪೈಪಿನಲ್ಲೇ ತೂರಿಸೋಕೆ ಹೊರಟಿದ್ದ, ಅದು ಬೇಡವೇ ಬೇಡ ಅಂದೆ.

ಕೇಬಲ್ ಕೊಳ್ಳುವಾಗ ಒಂದು ಮಾತು. ಅಗ್ಗಕ್ಕೆ ಸಿಗುವ ಎಷ್ಟೋ ಕೇಬಲ್‌ನಲ್ಲಿ ತಾಮ್ರ ಬರೀ ಮೇಲ್ಲೇಪ, ಒಳಗೆ ಅಲ್ಯೂಮಿನಿಯಂ. ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಗಿಗಾಬಿಟ್‌ಗೆ (ಅಂದರೆ 1000 ಎಂಬಿಪಿಎಸ್‌ಗೆ) 100 ಮೀಟರ್‌ವರೆಗೆ ಕ್ಯಾಟ್ 5ಇ ದರ್ಜೆಯ ಕೇಬಲ್ ಸಾಕು. ನಾನು ಕ್ಯಾಟ್ 6 ತಂದೆ, ನಮ್ಮಷ್ಟು ಉದ್ದಕ್ಕೆ ಬೆಲೆಯ ವ್ಯತ್ಯಾಸ ಅಂಥದ್ದೇನೂ ಇರಲಿಲ್ಲ.

ಎಲ್ಲ ಮುಗಿದು ಸ್ಪೀಡ್ ಟೆಸ್ಟ್ ಮಾಡಿದರೆ 94. ಇನ್ನೊಮ್ಮೆ ಮಾಡಿದರೂ 94. ಈ ಅಂಕಿ ನೆನಪಿಟ್ಟುಕೊಳ್ಳಿ. 94ರ ಆಸುಪಾಸಿಗೆ ಗೋಡೆ ಕಟ್ಟಿದಂತೆ ನಿಂತರೆ ನಿಮ್ಮ ಲೈನ್ ಗಿಗಾಬಿಟ್ ಬದಲು 100ಕ್ಕೆ ಇಳಿದಿದೆ ಅಂತ ಅರ್ಥ. ಕೇಬಲ್‌ನಲ್ಲಿ ಎಂಟು ತಂತಿ, ನಾಲ್ಕು ಜೋಡಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ತಂತಿಗೊಂದು ದೀಪವಿರುವ ಟೆಸ್ಟರ್ ಹಚ್ಚಿದರೆ ಏಳನೇ ದೀಪ ಹತ್ತಲಿಲ್ಲ. ಕೇಬಲ್ ತುದಿಯ ಕ್ಲಿಪ್ಪನ್ನು ಬೆಳಕಿಗೆ ಹಿಡಿದು ನೋಡಿದೆವು. ಕಂದುಗೆರೆಯ ಬಿಳಿ ತಂತಿ ತುದಿ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಕತ್ತರಿಸಿ ಹೊಸ ಕ್ಲಿಪ್ ಒತ್ತಿಸಿದ ಮೇಲೆ 195. ಎಲೆಕ್ಟ್ರಿಷಿಯನ್‌ಗೆ ದುಡ್ಡು ಕೊಡುವ ಮೊದಲೇ ಇದನ್ನು ನೋಡಿಕೊಳ್ಳಿ.

ಮೆಶ್ ಡಬ್ಬಿಗಳನ್ನು ಮಾರಲಿಲ್ಲ. ವೈರ್‌ನ ಮೇಲಿನ ತುದಿ ಈಗ ಮಹಡಿಯ ಡಬ್ಬಿಯ ಹಿಂಬದಿಗೇ ಹೋಗುತ್ತದೆ. ಎರಡರ ನಡುವಿನ ಮಾತು ತಂತಿಯಲ್ಲಿ, ಫೋನುಗಳಿಗೆ ಮಾತ್ರ ವೈಫೈ. ಕೂಲರ್ ತನ್ನ ಪಾಡಿಗೆ ತಾನು ಗುಂಯ್‌ಗುಡುತ್ತಿರಲಿ, ಮೇಲೆ ವೇಗ ಕದಲುವುದಿಲ್ಲ. ಮೆಶ್ ಕೊಳ್ಳುವವರು ಎರಡು ವಿಷಯ ಕೇಳಿ: ಡಬ್ಬಿಗಳ ನಡುವೆ ವೈರ್ ಹಾಕೋಕೆ ಬರುತ್ತಾ? ಪೋರ್ಟ್ ಗಿಗಾಬಿಟ್ಟಾ? ಅಗ್ಗದ ಕೆಲವು ಸೆಟ್‌ಗಳಲ್ಲಿ ಪೋರ್ಟ್ 100ದ್ದೇ ಇರುತ್ತದೆ.

ಕರೆಂಟಿನ ತಲೆನೋವೂ ಇದೇ ವೈರ್‌ನಿಂದ ಹೋಯಿತು. ಕೆಳಗೆ ಇನ್ವರ್ಟರ್ ಲೈನಿಗೆ ಒಂದು ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲ್‌ಗೇ ವಿದ್ಯುತ್ ಸೇರಿಸುವ ಉಪಕರಣ), ಮೇಲೆ ಅದನ್ನು ಬೇರ್ಪಡಿಸಿ 12 ವೋಲ್ಟ್ ಕೊಡುವ ಒಂದು ಸ್ಪ್ಲಿಟರ್. ಡೇಟಾ ಬರುವ ತಂತಿಯಲ್ಲೇ ವಿದ್ಯುತ್ತೂ ಬರುತ್ತದೆ. ನನ್ನ ಡಬ್ಬಿ ತಿನ್ನುವುದು 12 ವ್ಯಾಟ್ ಒಳಗೆ, ಹಾಗಾಗಿ ಸಾಮಾನ್ಯ ಪಿಒಇ ಸಾಲುತ್ತದೆ. ಸ್ಪ್ಲಿಟರ್ ಕೂಡ ಗಿಗಾಬಿಟ್‌ದೇ ತಗೊಳ್ಳಿ, ಇಲ್ಲಾಂದ್ರೆ ಮತ್ತೆ 94.

ಬಾಡಿಗೆ ಮನೆಯವರು, ಹೊಸ ಬಡಾವಣೆಗಳ ಇಟ್ಟಿಗೆ ಗೋಡೆಯ ಎರಡು ಬೆಡ್‌ರೂಮ್ ಮನೆಯವರು ಸುಮ್ನೆ ವೈರ್‌ಗೆ ಖರ್ಚು ಮಾಡಬೇಡಿ. ಮೆಶ್ ಸಾಕು, ಕೆಲವರಿಗೆ ಒಂದು ಒಳ್ಳೇ ರೂಟರ್ರೇ ಜಾಸ್ತಿ.

ಈಗ ಎದುರು ಮನೆಯ ಚಿಕ್ಕಪ್ಪ ನಮ್ಮಿಂದಲೇ ಒಂದು ವೈರ್ ಎಳೆದುಕೊಡು ಅನ್ನುತ್ತಿದ್ದಾರೆ. ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿ ತೂಗುಹಾಕಲ್ಲ ಅಂದಿದ್ದೇನೆ. ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಆ ತಂತಿ ಹಿಡಿದು ಎರಡೂ ಮನೆಯ ಸಾಮಾನು ಸುಡಬಹುದು. ಅಲ್ಲಿಗೆ ಫೈಬರ್ ಆಗಬೇಕು, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯಲ್ಲ. ಅದರ ಖರ್ಚು ಕೇಳಿದ ಮೇಲೆ ಚಿಕ್ಕಪ್ಪ ಇನ್ನೂ ಯೋಚನೆ ಮಾಡುತ್ತಿದ್ದಾರೆ.