ಕಟ್ಟಿಗೆ ಒಲೆಯ ಕ್ಯಾಬಿನ್ ಹಿಡಿಯುವ ಮೊದಲು ವಿಷಾನಿಲದ ಅಲಾರಂ ನೋಡಿ

ಅಮೆರಿಕದ ಕೊಲೊರಾಡೊದಲ್ಲಿ ಹಳೇ ದಿಮ್ಮಿ ಮನೆ ಹಿಡಿದು ಚಳಿಗಾಲ ಕಳೆಯಬೇಕೆಂದಿರುವವರು, ಅದರಲ್ಲೂ ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡಿರುವವರು, ದಯವಿಟ್ಟು ಇದನ್ನು ಓದಿ.

ನಾವಿದ್ದದ್ದು ಸೌತ್ ಪಾರ್ಕ್ ಬಯಲಲ್ಲಿ, ಸುಮಾರು 10,000 ಅಡಿ ಎತ್ತರದಲ್ಲಿ. ಹೋಮ್‌ಸ್ಟೆಡ್ ಕಾಲದ, ಅಂದರೆ ನೆಲೆಸಲು ಬಂದವರಿಗೆ ಸರ್ಕಾರ ಜಮೀನು ಕೊಡುತ್ತಿದ್ದ ಕಾಲದ ಕ್ಯಾಬಿನ್. ಕರೆಂಟ್ ಲೈನ್ ಇಲ್ಲ. ಸೋಲಾರ್ ಮತ್ತು ಕಟ್ಟಿಗೆ ಒಲೆ. ಮನೆಯನ್ನು ಚೆಂದವಾಗಿಯೇ ದುರಸ್ತಿ ಮಾಡಿಸಿದ್ದರು. ಅಪಾಯ ಇದ್ದದ್ದು ಆ ದುರಸ್ತಿಯಲ್ಲೇ.

ಹಿಂದಿನವರು ದಿಮ್ಮಿಗಳ ಸಂದಿಗೆ ಮಣ್ಣು, ಮರದ ಚಕ್ಕೆ ಮೆತ್ತುತ್ತಿದ್ದರು. ಚಳಿ ನುಗ್ಗುತ್ತಿತ್ತು, ಗಾಳಿಯೂ ಆಡುತ್ತಿತ್ತು. ಈಗ ಅಲ್ಲಿ ರಬ್ಬರಿನಂತೆ ಹಿಗ್ಗುವ ಗಾರೆ, ಕಿಟಕಿಗೆ ಎರಡು ಪದರದ ಗಾಜು. ಒಲೆಗೆ ಬೇಕಾದ ಗಾಳಿ ಬರಲು ದಾರಿಯನ್ನೇ ಬಿಟ್ಟಿರಲಿಲ್ಲ. ರಾತ್ರಿ ಬೆಂಕಿ ಇಳಿದು ಚಿಮಣಿಯ ಎಳೆತ ಸೋತಾಗ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಮನೆಯೊಳಗೇ ಉಳಿಯುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮಲ್ಲಿ ಬಚ್ಚಲುಮನೆಯ ಗ್ಯಾಸ್ ಗೀಸರ್ ಜೀವ ತೆಗೆಯುವುದೂ ಇದೇ ಅನಿಲದಿಂದ.

ಈ ಅನಿಲ ಸೇರಿದರೆ ಕೂಗುವ ಅಲಾರಂ ಇತ್ತು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂಥದ್ದು, ಬ್ಯಾಟರಿ ಗೂಡು ಖಾಲಿ. 'ಮಲಗುವ ಮುನ್ನ ಇನ್ವರ್ಟರ್ ಆಫ್ ಮಾಡಿ' ಎಂದು ಬಾಗಿಲ ಹಿಂದೆ ಸೂಚನೆ ಅಂಟಿಸಿದ್ದರು. ಅಂದರೆ ಎಲ್ಲರೂ ನಿದ್ದೆಯಲ್ಲಿರುವ ಹೊತ್ತಿಗೇ ಅಲಾರಂ ಸತ್ತಿರುತ್ತಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮಲಗುವ ಕೋಣೆಯ ಬಾಗಿಲಿಂದ 15 ಅಡಿಯೊಳಗೆ ಅಲಾರಂ ಇರಬೇಕು, ಪ್ಲಗ್ಗಿನದಾದರೆ ಬ್ಯಾಟರಿಯೂ ಇರಬೇಕು ಎಂದು ಅಲ್ಲಿನ ಬಾಡಿಗೆ ಮನೆಗಳಿಗೆ 2009ರಿಂದ ಕಾನೂನೇ ಇದೆ!

ಬೆಳಿಗ್ಗೆ ಅಮ್ಮನಿಗೆ ತಲೆ ಸಿಡಿತ, ವಾಕರಿಕೆ. ಹೆಂಡತಿಗೂ ಹಾಗೇ. ಮಾಲೀಕರು ಫೋನಿನಲ್ಲಿ "ಎತ್ತರದ ಜಾಗ, ನೀರು ಕುಡಿಯಿರಿ, ಒಗ್ಗಿಹೋಗುತ್ತೆ" ಎಂದರು. ಗಾಳಿ ತೆಳುವಾಗಿರುವ ಎತ್ತರದಲ್ಲಿ ಬರುವ ಕಾಯಿಲೆಯ ಲಕ್ಷಣಗಳೂ ಇವೇ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಕೂಡ ಒಳ್ಳೆಯ ಅಂಕಿಯನ್ನೇ ತೋರಿಸಿತು. ಬೆರಳಿಗೆ ಹಾಕುವ ಆ ಯಂತ್ರಕ್ಕೆ ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ವ್ಯತ್ಯಾಸ ತಿಳಿಯದು, ಅದನ್ನು ನಂಬಬೇಡಿ. ಆದರೆ ಅಮ್ಮ ಅಂಗಳದಲ್ಲಿ ಕೂತಷ್ಟು ಹೊತ್ತು ನೋವು ಇಳಿಯುತ್ತಿತ್ತು, ಒಳಗೆ ಬಂದರೆ ಏರುತ್ತಿತ್ತು. ಎತ್ತರದ ಕಾಯಿಲೆ ಹೊಸ್ತಿಲು ನೋಡಿ ಬರುವುದಿಲ್ಲ. ಕೂಡಲೇ ಹೊರಟೆವು. ಆಸ್ಪತ್ರೆಯ ರಕ್ತಪರೀಕ್ಷೆಯಲ್ಲಿ ವಿಷ ಪತ್ತೆಯಾಯಿತು; ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟು ಅಮ್ಮನನ್ನು ಉಳಿಸಿಕೊಟ್ಟರು.

ಮುಂಗಡ ಕೊಡುವ ಮೊದಲೇ ಕೇಳಿ: ಒಲೆಗೆ ಹೊರಗಾಳಿಯ ಕೊಳವೆ ಇದೆಯೇ? ಇನ್ವರ್ಟರ್ ಆಫ್ ಮಾಡಿದರೂ ಅಲಾರಂ ನಡೆಯುತ್ತದೆಯೇ? ತಡವರಿಸಿದರೆ ಆ ಮನೆ ಬೇಡ. ಏನೇ ಹೇಳಲಿ, ಬ್ಯಾಟರಿ ಅಲಾರಂ ಒಂದನ್ನು ನೀವೇ ಒಯ್ದು ಹಾಸಿಗೆ ಪಕ್ಕ ಇಡಿ. ಮನೆಮಂದಿಗೆಲ್ಲ ಒಟ್ಟಿಗೆ ತಲೆನೋವು ಬಂದರೆ ಕಾರಣ ಹುಡುಕುತ್ತ ಒಳಗೆ ಕೂರಬೇಡಿ. ಎಲ್ಲರನ್ನೂ ಹೊರಗೆ ಕರೆತಂದು, ಅಲ್ಲಿಂದಲೇ ತುರ್ತು ಸಹಾಯದ ಸಂಖ್ಯೆ 911ಕ್ಕೆ ಫೋನ್ ಮಾಡಿ.