ಜೆಲ್ ಪ್ಲೇಟ್, ಲೈನೋ, ಹಿಟ್ಟಿನ ಅಂಟು: ಕೊಲಾಜ್‌ಗೆ ಯಾವ ಅಚ್ಚಿನ ಕಾಗದ?

ಕೊಲಾಜ್‌ಗೆ ಬೇಕಾದ ಕಾಗದಗಳನ್ನು ನಾನೇ ಅಚ್ಚು ಹಾಕಿಕೊಳ್ಳಲು ಶುರು ಮಾಡಿದಾಗ, ಯಾವ ವಿಧಾನದಲ್ಲಿ ಹಾಳೆ ಚೆಂದ ಬರುತ್ತದೆ ಅನ್ನುವುದೊಂದೇ ತಲೆಯಲ್ಲಿತ್ತು. ಮೂರು ವಿಧಾನ ಮಾಡಿ ನೋಡಿದೆ. ಒಣಗಲು ಹಾಕಿದಾಗ ಮೂರೂ ಚೆಂದವೇ. ಆದರೆ ಕೊಲಾಜ್‌ನಲ್ಲಿ ಹಾಳೆ ಹಾಳೆಯಾಗಿ ಉಳಿಯುವುದಿಲ್ಲ ಅಲ್ವಾ? ಹರಿಯುತ್ತೇವೆ, ಅಂಟು ಬಳಿಯುತ್ತೇವೆ, ಒಂದರ ಮೇಲೊಂದು ಕೂರಿಸುತ್ತೇವೆ. ವ್ಯತ್ಯಾಸ ಗೊತ್ತಾಗುವುದು ಆಗಲೇ.

ಅದು ನನಗೆ ಗೊತ್ತಾಗಿದ್ದು ಲೈನೋ ಅಚ್ಚಿನಿಂದ, ಅಂದರೆ ಲಿನೋಲಿಯಂ ಹಾಳೆಯಲ್ಲಿ ವಿನ್ಯಾಸ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಅಚ್ಚಿನಿಂದ. ಲೈನೋ ಕೆತ್ತಿದರೆ ಬರುವಂಥ ಚೂಪಾದ ಗೆರೆ ಉಳಿದೆರಡರಲ್ಲಿ ಬರುವುದಿಲ್ಲ. ಕಪ್ಪು ಗೆರೆಗಳ ಒಂದು ವಿನ್ಯಾಸ ಕೆತ್ತಿ, ನೀರಿನಲ್ಲಿ ತೊಳೆಯಬಹುದಾದ ಅಚ್ಚಿನ ಶಾಯಿಯಲ್ಲಿ ಹತ್ತು ಹಾಳೆ ತೆಗೆದೆ. ಎರಡು ದಿನ ಒಣಗಿಸಿದೆ. ಒಂದು ತುಂಡನ್ನು ಅಂಟಿಸಿ, ಮೇಲೆ ಇನ್ನೊಂದು ಪದರ ಅಂಟು ಎಳೆದೆ. ಬ್ರಷ್ ತಾಗಿದ್ದೇ ತಡ, ಗೆರೆಗಳು ಕರಗಿ ಪಕ್ಕದ ಹಳದಿಯ ಮೇಲೆ ಬೂದು ನೀರಾಗಿ ಹರಡಿಬಿಟ್ಟವು. ತುಂಬಾ ಬೇಜಾರಾಯಿತು. ಇಂಥ ಶಾಯಿ ಒಣಗಿದ ಮೇಲೂ ನೀರು ಸೋಕಿದರೆ ಮತ್ತೆ ಕರಗುತ್ತದೆ. ಕೈ ತೊಳೆಯಲು ಸುಲಭ ಅನ್ನುವ ಗುಣವೇ ಇಲ್ಲಿ ಕೈಕೊಡುತ್ತದೆ.

ಎಣ್ಣೆ ಶಾಯಿ ಹಾಗೆ ಕರಗುವುದಿಲ್ಲ, ಆದರೆ ಒಣಗಲು ದಿನಗಟ್ಟಲೆ ಕಾಯಬೇಕು. ಅಕ್ರಿಲಿಕ್ ಬಣ್ಣ ಬಳಸಿದರೆ ಅದು ರೋಲರ್ ಮೇಲೆಯೇ ಒಣಗಲು ಶುರುವಾಗುತ್ತದೆ, ಅಚ್ಚು ಅಲ್ಲಲ್ಲಿ ಬಿಟ್ಟುಬಿಟ್ಟು ಮೂಡುತ್ತದೆ. ಆದರೂ ನಾನು ಅಕ್ರಿಲಿಕ್ಕನ್ನೇ ಉಳಿಸಿಕೊಂಡೆ, ಒಣಗುವುದನ್ನು ನಿಧಾನಿಸುವ ದ್ರವ ಸ್ವಲ್ಪ ಬೆರೆಸಿ. ಬಿಟ್ಟುಬಿಟ್ಟು ಮೂಡಿದ ಗೆರೆ ಕೊಲಾಜ್‌ನಲ್ಲಿ ಕೊರತೆ ಅನ್ನಿಸುವುದಿಲ್ಲ.

ಹಿಟ್ಟಿನ ಅಂಟಿನ ಕಾಗದದ ಬಗ್ಗೆ ಹೇಳುವುದು ಕಡಿಮೆ. ಮೈದಾ ಬೇಯಿಸಿದ ಅಂಟಿಗೆ ಬಣ್ಣ ಕಲಸಿ, ಒದ್ದೆ ಮಾಡಿದ ಹಾಳೆಗೆ ಬಳಿದು, ಬಾಚಣಿಗೆಯಿಂದ ಗೀರುವುದು. ಯುರೋಪಿನಲ್ಲಿ 18ನೇ ಶತಮಾನದಲ್ಲಿ ಪುಸ್ತಕದ ರಟ್ಟಿಗೆ ಇಂಥ ಕಾಗದ ಹೊದಿಸುತ್ತಿದ್ದರು. ಅಲೆಅಲೆಯಾದ ಗೀರು ಕಣ್ಣಿಗೆ ಹಬ್ಬ. ಆದರೆ ಹಾಳೆ ಗಡುಸು, ದಪ್ಪ ಬಳಿದ ಕಡೆ ಮಡಿಸಿದರೆ ಬಿರುಕು ಬಿಡುತ್ತದೆ. ತಳಕ್ಕೆ ದೊಡ್ಡ ತುಂಡಾಗಿ ಹಾಕಲು ಸರಿ, ಪದರಕ್ಕೆ ಆಗುವುದಿಲ್ಲ.

ಇನ್ನು ಜೆಲ್ ಪ್ಲೇಟ್. ಮೆತ್ತನೆಯ ಆ ಹಲಗೆಯ ಮೇಲೆ ಅಕ್ರಿಲಿಕ್ಕನ್ನು ತೆಳ್ಳಗೆ ರೋಲರ್ ಆಡಿಸಿ, ಕಾಗದ ಇಟ್ಟು ಅಂಗೈಯಿಂದ ಒತ್ತಿದರೆ ಸಾಕು, ಯಂತ್ರ ಬೇಡ. ಶುರುವಿನಲ್ಲಿ ಎಲ್ಲರೂ ಬಣ್ಣ ಜಾಸ್ತಿ ಹಾಕುತ್ತಾರೆ, ನಾನೂ ಹಾಕಿದ್ದೆ. ಆಗ ವಿವರಗಳೆಲ್ಲ ಮುಚ್ಚಿಹೋಗುತ್ತವೆ. ಒಂದು ಎಲೆಯನ್ನು ನರ ಕೆಳಗೆ ಬರುವಂತೆ ಬಣ್ಣದ ಮೇಲಿಡಿ. ಮೊದಲ ಕಾಗದ ಒತ್ತಿ ತೆಗೆದರೆ ಸುತ್ತಲಿನ ಬಣ್ಣ ಬಂದು, ಎಲೆಯ ಆಕಾರ ಖಾಲಿ ಉಳಿಯುತ್ತದೆ. ಈಗ ಎಲೆಯನ್ನು ಮೆಲ್ಲಗೆ ಎತ್ತಿ, ಎರಡನೇ ಕಾಗದ ಒತ್ತಿ. ಎಲೆಯ ಅಡಿಯಲ್ಲಿ ಉಳಿದಿದ್ದ ಬಣ್ಣದಲ್ಲಿ ಒಂದೊಂದು ನರವೂ ಮೂಡಿ ಬರುತ್ತದೆ. ಮೊದಲ ಸಲ ಅದನ್ನು ಕಂಡಾಗ ಸುಮ್ನೆ ನೋಡುತ್ತಾ ಕೂತಿದ್ದೆ.

ಜೆಲ್ ಪ್ಲೇಟಿನ ದೊಡ್ಡ ಲಾಭ ಬೇರೆ ಇದೆ: ತೆಳ್ಳಗಿನ ಕಾಗದಕ್ಕೂ ಇದು ಒಗ್ಗುತ್ತದೆ. ಒಂದೇ ಎಲೆಯನ್ನು 80 ಜಿಎಸ್‌ಎಂ ಜೆರಾಕ್ಸ್ ಹಾಳೆ, ಟಿಶ್ಯೂ ಪೇಪರ್, ಹಳೆಯ ನ್ಯೂಸ್‌ಪೇಪರ್ ಮೂರಕ್ಕೂ ಒತ್ತಿ ನೋಡಿದೆ. ಜೆರಾಕ್ಸ್ ಹಾಳೆಯಲ್ಲಿ ಬಣ್ಣ ನಿಚ್ಚಳ. ಆದರೆ ಹರಿದರೆ ಒಂದು ತುಂಡಿನ ಅಂಚಿಗೆ ಬಿಳಿ ಪಟ್ಟಿ ಬರುತ್ತದೆ. ಬೇಕೆಂದಾಗ ಅದು ಸೊಗಸು, ಬೇಡವಾದಾಗ ಕಣ್ಣಿಗೆ ಚುಚ್ಚುತ್ತದೆ. ಅಂಟಿಸಿದ ಮೇಲೆ ಅಂಚಿನ ದಪ್ಪವೂ ಬೆರಳಿಗೆ ಸಿಗುತ್ತದೆ. ನ್ಯೂಸ್‌ಪೇಪರಿನ ಅಕ್ಷರಗಳು ಬಣ್ಣದ ಹಿಂದಿನಿಂದ ಇಣುಕುವುದು ಇಷ್ಟವಾಯಿತು, ಆದರೆ ಅದರಲ್ಲಿರುವ ಲಿಗ್ನಿನ್ ಎಂಬ ಮರದ ಅಂಶದಿಂದಾಗಿ ಕಾಗದ ಬೇಗ ಹಳದಿಯಾಗುತ್ತದೆ. ಬಹುಕಾಲ ಉಳಿಯಬೇಕಾದ ಕೆಲಸಕ್ಕೆ ನಾನು ಹಾಕುವುದಿಲ್ಲ.

ಟಿಶ್ಯೂ ಪೇಪರ್ ಒದ್ದೆಯಾದಾಗ ಹರಿಯುತ್ತದೆ, ಸುಕ್ಕಾಗುತ್ತದೆ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಅಷ್ಟೆಲ್ಲ ಸಹಿಸಿಕೊಂಡರೂ ನನ್ನ ಆಯ್ಕೆ ಅದೇ. ಹೊಳಪಿಲ್ಲದೆ ಪಾರದರ್ಶಕವಾಗಿ ಒಣಗುವ ಅಕ್ರಿಲಿಕ್ ಮ್ಯಾಟ್ ಮೀಡಿಯಂ ಎಂಬ ಅಂಟಿನಲ್ಲಿ ಅಂಟಿಸಿ ಒಣಗಿದ ಮೇಲೆ ಬಿಳಿ ಟಿಶ್ಯೂ ಹೆಚ್ಚುಕಡಿಮೆ ಕಾಣದಂತಾಗುತ್ತದೆ. ಕಾಗದ ಮಾಯವಾಗಿ ಅಚ್ಚು ಮಾತ್ರ ಉಳಿಯುತ್ತದೆ. ನೀಲಿಯ ಮೇಲೆ ಹಳದಿ ನರಗಳ ಟಿಶ್ಯೂ ಕೂರಿಸಿದಾಗ, ಅವು ಆ ನೀಲಿಯ ಮೇಲೇ ಅಚ್ಚಾದ ಹಾಗೆ ಕಂಡವು. ಅಂಟನ್ನು ಮೊದಲು ತಳಕ್ಕೆ ಬಳಿಯಿರಿ, ಟಿಶ್ಯೂಗಲ್ಲ. ಒಣ ಟಿಶ್ಯೂವನ್ನು ಮೇಲೆ ಇಳಿಬಿಟ್ಟು, ನಡುವಿನಿಂದ ಅಂಚಿನ ಕಡೆಗೆ ಮೆತ್ತನೆಯ ಬ್ರಷ್ ಆಡಿಸಿ. ಬಣ್ಣದ ಟಿಶ್ಯೂ ಮಾತ್ರ ಬೇಡ, ಒದ್ದೆಯಾದರೆ ಬಣ್ಣ ಬಿಡುವುದೇ ಜಾಸ್ತಿ.

ಮಕ್ಕಳ ಪುಸ್ತಕಗಳ ಕಲಾವಿದ ಎರಿಕ್ ಕಾರ್ಲ್ ಟಿಶ್ಯೂ ಪೇಪರಿಗೆ ಅಕ್ರಿಲಿಕ್ ಬಳಿದು, ಆ ಹಾಳೆಗಳನ್ನು ಬಣ್ಣವಾರು ಡ್ರಾಯರ್‌ಗಳಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದರು. ನಾನೂ ಬಣ್ಣವಾರು ಇಡುತ್ತೇನೆ, ಆದರೆ ಎರಡು ಹಾಳೆಗಳ ನಡುವೆ ಬೇಕಿಂಗ್ ಪೇಪರ್ ಹಾಕುತ್ತೇನೆ. ಒಣಗಿದ ಅಕ್ರಿಲಿಕ್ಕೂ ಭಾರ ಬಿದ್ದರೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಎರಡೂ ಹಾಳಾಗುತ್ತವೆ.

ಈಗ ಮೇಜಿನ ಮೇಲಿರುವ ಕೆಲಸದಲ್ಲಿ ತಳಕ್ಕೆ ಹಿಟ್ಟಿನ ಅಂಟಿನ ಕಂದು ಹಾಳೆ, ಮೇಲೆ ಜೆಲ್ ಪ್ಲೇಟಿನ ಟಿಶ್ಯೂ ನಾಲ್ಕು ಪದರ. ಲೈನೋ ಗೆರೆ ಒಂದೇ ಕಡೆ, ಬಲಮೂಲೆಯಲ್ಲಿ. ಅದನ್ನು ಅಂಟಿಸುವ ಮೊದಲು ಉಳಿದ ಚೂರೊಂದರ ಮೇಲೆ ಒದ್ದೆ ಬೆರಳು ಉಜ್ಜಿ ನೋಡಿದೆ. ಕಪ್ಪು ಬೆರಳಿಗೆ ಹತ್ತಲಿಲ್ಲ.