ಊರು, ತಿಂಗಳು ಬರೆದ ಪೊಟ್ಟಣಗಳು: ಚಿಕ್ಕಮಗಳೂರಿನ ಒಂದು ಒಣ ಎಲೆ ಅಂಗಡಿಯ ವಿಮರ್ಶೆ

ಚಿಕ್ಕಮಗಳೂರಿನ ಐ.ಜಿ. ರಸ್ತೆಯಿಂದ ಒಳಗೆ ತಿರುಗುವ ಓಣಿಯೊಂದರಲ್ಲಿ ತುಳಸಿ, ಆಡುಸೋಗೆ, ನೆಲನೆಲ್ಲಿ, ಒಂದೆಲಗ, ಮಜ್ಜಿಗೆ ಹುಲ್ಲು ಮುಂತಾದವನ್ನು ಒಣಗಿಸಿ ಮಾರುವ ಚಿಕ್ಕ ಅಂಗಡಿಯೊಂದಿದೆ. ಹೊರಗಿನ ಫಲಕದಲ್ಲಿ ಅಂಗಡಿಯ ಹೆಸರಿಗಿಂತ ‘ಒಣ ಎಲೆ, ಕಷಾಯದ ಸಾಮಾನು’ ಎಂಬ ಸಾಲೇ ದೊಡ್ಡದಾಗಿ ಕಾಣುತ್ತದೆ. ಪ್ರವಾಸಿಗರನ್ನೇ ನಂಬಿಕೊಂಡು ‘ಶುದ್ಧ ಮಲೆನಾಡ ಉತ್ಪನ್ನ’ ಮಾರುವ ಮಳಿಗೆಗಳಿಗೆ ಈ ಊರಿನಲ್ಲಿ ಬರವಿಲ್ಲ. ಅವುಗಳ ನಡುವೆ ಈ ಅಂಗಡಿಯನ್ನು ಬೇರೆಯಾಗಿ ಗಮನಿಸಬೇಕಾದ ಕಾರಣ, ಇಲ್ಲಿನ ಪ್ರತಿ ಪೊಟ್ಟಣಕ್ಕೂ ಅಂಟಿಸಿರುವ ಕೈಬರಹದ ಚೀಟಿ. ಎಲೆ ಬೆಳೆದ ಊರು, ಕೊಯ್ದ ತಿಂಗಳು, ಒಣಗಿಸಿದ ರೀತಿ ಇಷ್ಟನ್ನು ಅದರಲ್ಲಿ ಬರೆದಿರುತ್ತಾರೆ. ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಘೋಷಣೆಯಿಂದ ಎಲೆಯೊಳಗೆ ಏನು ಉಳಿದಿದೆ ಎಂಬುದು ಎಳ್ಳಷ್ಟೂ ತಿಳಿಯುವುದಿಲ್ಲ; ಈ ಮೂರು ವಿವರಗಳಿಂದ ಬಹುಮಟ್ಟಿಗೆ ಊಹಿಸಬಹುದು.

ತುಳಸಿಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಅಂಗಡಿಯ ಅತ್ಯುತ್ತಮ ಪದಾರ್ಥ ಅದೇ. ಒಂದು ಕಡೆ ಮಳೆ ಸುರಿಯುವ ಮೂಡಿಗೆರೆ, ಇನ್ನೊಂದು ಕಡೆ ಮೋಡ ನೋಡಿ ಕೂರುವ ಕಡೂರು, ಎರಡೂ ಒಂದೇ ಜಿಲ್ಲೆಯಲ್ಲಿ ಇರುವುದರಿಂದ ಎರಡು ಕಡೆಯ ಕೃಷ್ಣತುಳಸಿಯೂ ಒಂದೇ ಕಪಾಟಿನಲ್ಲಿ ಸಿಗುತ್ತದೆ. ಎರಡನ್ನೂ ಬಿಳಿ ಹಾಳೆಯ ಮೇಲೆ ಸುರಿದು ನೋಡಿದಾಗ ವ್ಯತ್ಯಾಸ ಕಣ್ಣಿಗೇ ಕಾಣಿಸಿತು. ಕಡೂರಿನ ಬಯಲಿನಲ್ಲಿ ಬೆಳೆದ ಎಲೆ ಚಿಕ್ಕದು, ದಪ್ಪನೆಯದು, ನೇರಳೆ ಛಾಯೆಯದು. ಬೆರಳಿನಿಂದ ಉಜ್ಜಿದೊಡನೆ ಲವಂಗದ ಘಾಟು ಮೂಗಿಗೆ ಹೊಡೆಯಿತು. ಲವಂಗದಲ್ಲಿರುವ ಯೂಜಿನಾಲ್ ಎಂಬ ದ್ರವ್ಯವೇ ತುಳಸಿಯ ಎಣ್ಣೆಯಲ್ಲಿಯೂ ಇರುವುದರಿಂದ ಈ ವಾಸನೆ ಆಕಸ್ಮಿಕವಲ್ಲ. ಮೂಡಿಗೆರೆಯ ಕಾಫಿ ತೋಟದ ನೆರಳಿನಲ್ಲಿ ಬೆಳೆದ ಎಲೆ ಅಗಲವಾಗಿ, ಹಸಿರಾಗಿ, ಕಾಗದದಷ್ಟು ತೆಳ್ಳಗಿತ್ತು. ನೋಡಲು ಅದೇ ಚೆಂದ, ವಾಸನೆ ಮಾತ್ರ ಸೌಮ್ಯ.

ಇದಕ್ಕೆ ಕಾರಣ ಗಿಡದ ರಚನೆಯಲ್ಲಿಯೇ ಇದೆ. ತುಳಸಿಯ ಸುಗಂಧ ತೈಲ ಎಲೆಯ ಮೇಲ್ಮೈಯಲ್ಲಿರುವ ಅತಿ ಸಣ್ಣ ಗ್ರಂಥಿಗಳಲ್ಲಿ ಸಂಗ್ರಹವಾಗುತ್ತದೆ. ಆ ಗ್ರಂಥಿಗಳಲ್ಲಿ ಹೆಚ್ಚಿನವು ಎಲೆ ಇನ್ನೂ ಎಳೆಯದಿರುವಾಗಲೇ ಮೂಡುವುದರಿಂದ, ನೆರಳಿನಲ್ಲಿ ಬೆಳಕಿಗಾಗಿ ಎಲೆ ಅಗಲವಾದಷ್ಟೂ ಅವು ವಿರಳವಾಗುತ್ತವೆ. ಬಿಸಿಲು, ಅದರಲ್ಲಿಯೂ ನೇರಳಾತೀತ ಕಿರಣ, ತಾಗಿದ ಎಲೆಯು ತನ್ನ ರಕ್ಷಣೆಗೆಂದು ಫ್ಲೇವನಾಯ್ಡ್‌ಗಳನ್ನೂ ರೋಸ್ಮರಿನಿಕ್ ಆಮ್ಲದಂಥ ಫೀನಾಲಿಕ್ ದ್ರವ್ಯಗಳನ್ನೂ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ನೀರಿನ ಅಲ್ಪ ಕೊರತೆಯೂ ಹೀಗೆಯೇ ಸಾರವನ್ನು ಗಟ್ಟಿಗೊಳಿಸುತ್ತದೆ, ಇಳುವರಿಯನ್ನು ತಗ್ಗಿಸುತ್ತದೆ. ಎರಡೂ ಕಡೆ ನೆಟ್ಟದ್ದು ಒಂದೇ ಬೀಜ ಎಂದು ಅಂಗಡಿಯ ಯಜಮಾನರು ಹೇಳುತ್ತಾರೆ. ಈ ಮಾತು ಮುಖ್ಯ, ಏಕೆಂದರೆ ತುಳಸಿಯಲ್ಲಿ ಯೂಜಿನಾಲ್ ಪ್ರಧಾನವಾದ ತಳಿಗಳೂ ಮೀಥೈಲ್ ಯೂಜಿನಾಲ್ ಪ್ರಧಾನವಾದ ತಳಿಗಳೂ ಇವೆ. ತಳಿಯೇ ಬೇರೆಯಾಗಿದ್ದರೆ ಊರಿನ ಹೆಸರಿನಲ್ಲಿ ಮಾಡುವ ಹೋಲಿಕೆಗೆ ಅರ್ಥವಿರುವುದಿಲ್ಲ.

ಗೊಬ್ಬರದ ಪ್ರಶ್ನೆಯನ್ನು ಚೀಟಿ ಮುಟ್ಟುವುದಿಲ್ಲ. ಮುಟ್ಟಬೇಕಿತ್ತು. ಸಾರಜನಕ ಧಾರಾಳವಾಗಿ ಸಿಕ್ಕಿದ ಗಿಡ ಸೊಂಪಾಗಿ ಬೆಳೆದರೂ ಅದರ ಎಲೆಯಲ್ಲಿ ಫೀನಾಲಿಕ್ ಅಂಶ ಸಾಮಾನ್ಯವಾಗಿ ಇಳಿಯುತ್ತದೆ. ಆಡುಸೋಗೆಯ ವ್ಯಾಸಿಸಿನ್‌ನಂಥ ಆಲ್ಕಲಾಯ್ಡ್‌ಗಳ, ಅಂದರೆ ದೇಹದ ಮೇಲೆ ಬಲವಾದ ಪರಿಣಾಮ ಬೀರುವ ಸಸ್ಯದ್ರವ್ಯಗಳ, ವಿಷಯ ಬೇರೆ. ಅವುಗಳ ಅಣುವಿನಲ್ಲಿಯೇ ಸಾರಜನಕ ಇರುವುದರಿಂದ ಅವು ಹೆಚ್ಚುವ ಸಾಧ್ಯತೆಯೂ ಇದೆ. ‘ರಾಸಾಯನಿಕ ಗೊಬ್ಬರವಿಲ್ಲ’ ಎಂಬ ಒಂದೇ ಸಾಲು ಎಲ್ಲ ಎಲೆಗಳಿಗೂ ಒಂದೇ ಫಲ ಕೊಡುವುದಿಲ್ಲ.

ಆಡುಸೋಗೆ ನಮ್ಮಲ್ಲಿ ಬೇಲಿಯ ಗಿಡ. ಕಫ ಕರಗಿಸಲು ವೈದ್ಯರು ಬರೆಯುವ ಬ್ರೋಮ್‌ಹೆಕ್ಸಿನ್ ಎಂಬ ಔಷಧಿಯ ಮೂಲ ಇದೇ ಗಿಡದ ವ್ಯಾಸಿಸಿನ್. ಇಲ್ಲಿನ ಆಡುಸೋಗೆ ಎಲೆ ಇಡಿಯಾಗಿ, ಮಡಿಚದೆ, ಮಾಸಲು ಹಸಿರಿನಲ್ಲಿದೆ. ಬಣ್ಣ ಇನ್ನೂ ಗಾಢವಾಗಿರಬೇಕಿತ್ತು ಎಂದು ದೂರುವವರಿಗೆ ಒಂದು ಮಾತು ಹೇಳಬೇಕು: ಪತ್ರಹರಿತ್ತು ಕಂದುವುದು ಕಣ್ಣಿಗೆ ಕಾಣುತ್ತದೆ, ಆಲ್ಕಲಾಯ್ಡ್ ಇಳಿಯುವುದು ಕಾಣುವುದಿಲ್ಲ, ಮತ್ತು ಇವೆರಡೂ ಯಾವಾಗಲೂ ಜೊತೆಜೊತೆಯಾಗಿ ನಡೆಯಬೇಕೆಂದಿಲ್ಲ. ನನ್ನ ತಕರಾರು ಬಣ್ಣದ ಬಗ್ಗೆ ಅಲ್ಲ, ಡಬ್ಬಿಯ ಬಗ್ಗೆ. ಗಾಳಿ ಆಡಿದರೆ ವ್ಯಾಸಿಸಿನ್ ಉತ್ಕರ್ಷಣಗೊಂಡು ವ್ಯಾಸಿಸಿನೋನ್ ಆಗುತ್ತಾ ಹೋಗುತ್ತದೆ. ಹಾಗಿರುವಾಗ ಇದೇ ಎಲೆಯ ಪುಡಿಯನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಬೀದಿಯ ಬೆಳಕು ಬೀಳುವ ಕಪಾಟಿನಲ್ಲಿ ಜೋಡಿಸಿರುವುದು ಒಪ್ಪತಕ್ಕದ್ದಲ್ಲ. ಇನ್ನೊಂದು ಗಂಭೀರ ಲೋಪವೆಂದರೆ, ವ್ಯಾಸಿಸಿನ್ ಗರ್ಭಕೋಶವನ್ನು ಸಂಕೋಚಿಸಬಲ್ಲದು, ಆದ್ದರಿಂದ ಗರ್ಭಿಣಿಯರು ಆಡುಸೋಗೆ ಸೇವಿಸಬಾರದು ಎಂಬ ಎಚ್ಚರಿಕೆ ಪೊಟ್ಟಣದ ಮೇಲೆ ಎಲ್ಲಿಯೂ ಇಲ್ಲ.

ಒಣಗಿಸುವ ಕೋಣೆ ಅಂಗಡಿಯ ಹಿಂಭಾಗದಲ್ಲಿದೆ, ಕೇಳಿದರೆ ತೋರಿಸುತ್ತಾರೆ. ಜಾಲರಿ ತಳದ ತಟ್ಟೆಗಳು, ಕೆಳಗಿನಿಂದ ಬಿಸಿಗಾಳಿ ಊದುವ ಫ್ಯಾನು, ಬಾಗಿಲಿಗೆ ತಗುಲಿಸಿದ ತಾಪಮಾಪಕ. ತುಳಸಿ, ಮಜ್ಜಿಗೆ ಹುಲ್ಲಿನಂಥ ಸುವಾಸನೆಯ ಎಲೆಗಳಿಗೆ 40 ಡಿಗ್ರಿ ಸೆಲ್ಸಿಯಸ್ ದಾಟಿಸುವುದಿಲ್ಲ, ಉಳಿದವಕ್ಕೆ 50ರವರೆಗೂ ಏರಿಸುತ್ತಾರೆ. ಈ ಭೇದ ಸರಿಯಾದದ್ದು. ಶಾಖ ಹೆಚ್ಚಾದರೆ ನೀರಿನ ಆವಿಯ ಜೊತೆಗೆ ಸುಗಂಧ ತೈಲವೂ ಹಾರಿಹೋಗುತ್ತದೆ. ಒಣಗಿಸುವ ಕೋಣೆ ಘಮಘಮಿಸುತ್ತಿದೆ ಎಂದರೆ ಆ ಘಮವನ್ನು ಎಲೆ ಕಳೆದುಕೊಂಡಿದೆ ಎಂದೇ ಅರ್ಥ. ಶಾಖ ತೀರ ಕಡಿಮೆಯಾದರೆ ಬೇರೆ ಅಪಾಯ: ಕೊಯ್ದ ಎಲೆ ಕೂಡಲೇ ಸಾಯುವುದಿಲ್ಲ, ಅದರ ಕಿಣ್ವಗಳು ತೇವಾಂಶ ಇರುವಷ್ಟು ಹೊತ್ತೂ ಕೆಲಸ ಮಾಡುತ್ತಲೇ ಇರುತ್ತವೆ. ಹಸಿ ಎಲೆಯನ್ನು ಕತ್ತರಿಸಿದರೆ ಅಥವಾ ಜಜ್ಜಿದರೆ ಅಂಚು ಕಪ್ಪಾಗುವುದು ಫೀನಾಲಿಕ್ ದ್ರವ್ಯಗಳನ್ನು ಆ ಕಿಣ್ವಗಳು ಉತ್ಕರ್ಷಿಸುವುದರಿಂದಲೇ. ಇದೇ ಕಾರಣಕ್ಕೆ ಗ್ರೀನ್ ಟೀ ಮಾಡುವವರು ಎಲೆಯನ್ನು ಮೊದಲೇ ಆವಿಯಲ್ಲಿ ಇಲ್ಲವೇ ಬಾಣಲೆಯಲ್ಲಿ ಬಿಸಿಮಾಡಿ ಕಿಣ್ವಗಳನ್ನು ನಿಲ್ಲಿಸುತ್ತಾರೆ, ಕಪ್ಪು ಚಹಾ ಮಾಡುವವರು ಬೇಕೆಂದೇ ಹೊಸೆದು ಅವುಗಳಿಗೆ ಅವಕಾಶ ಕೊಡುತ್ತಾರೆ. ಇಲ್ಲಿ ಎಲೆಯನ್ನು ಕತ್ತರಿಸದೆ ಒಂದೇ ಪದರವಾಗಿ ಹರವುತ್ತಾರೆ. ಒಣಗಿತೆಂದು ಗೊತ್ತುಮಾಡಲು ಕೆಲಸದ ಹುಡುಗ ಪ್ರತಿ ತಟ್ಟೆಯಿಂದ ಒಂದೊಂದು ಎಲೆ ಎತ್ತಿ ತೊಟ್ಟನ್ನು ಮುರಿಯುತ್ತಾನೆ. ಟಪ್ಪೆಂದು ಮುರಿದರೆ ತಟ್ಟೆ ಹೊರಗೆ, ಬಾಗಿದರೆ ಮತ್ತೆ ಒಳಗೆ. ಕಾಫಿ ಕಣದಲ್ಲಿ ಬೆಳೆದ ಊರಿನವರಿಗೆ ಈ ಬಗೆಯ ಪರೀಕ್ಷೆ ಹೊಸದೇನಲ್ಲ. ತೇವಾಂಶ ಅಳೆಯುವ ಮೀಟರ್ ಒಂದಿದ್ದರೆ ಇನ್ನೂ ಒಳ್ಳೆಯದಿತ್ತು.

ಮಳೆಗಾಲದ ಸರಕು ಮಾತ್ರ ನಿರಾಶೆ ತಂದಿತು. ಚಿಗುರು ರೆಂಬೆ ಮತ್ತು ಎಲೆಗಳನ್ನು ವರ್ಷ, ವಸಂತ ಋತುಗಳಲ್ಲಿ ಸಂಗ್ರಹಿಸಬೇಕೆಂದು ಚರಕ ಸಂಹಿತೆ ಹೇಳುತ್ತದೆ, ನಿಜ. ಆದರೆ ವಾರಗಟ್ಟಲೆ ಬಿಸಿಲು ಕಾಣದ ಮೂಡಿಗೆರೆಯ ಆಷಾಢದಲ್ಲಿ ಕೊಯ್ಯುವುದಕ್ಕಿಂತ ಒಣಗಿಸುವುದೇ ದೊಡ್ಡ ಸಮಸ್ಯೆ. ಜುಲೈ ಎಂದು ಬರೆದಿದ್ದ ಒಂದೆಲಗದ ಪೊಟ್ಟಣ ಬಿಡಿಸಿದಾಗ ಎಲೆಗಳು ಕಂದುಬಣ್ಣಕ್ಕೆ ತಿರುಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಮುಗ್ಗಲು ವಾಸನೆಯೂ ಇತ್ತು. ಬೂಷ್ಟು ಹಿಡಿದ ಎಲೆಯಲ್ಲಿ ಔಷಧಿಯ ಅಂಶ ಕಡಿಮೆಯಾಗುವುದಷ್ಟೇ ಅಲ್ಲ, ಶಿಲೀಂಧ್ರದ ವಿಷಗಳೂ ಸೇರಬಹುದು. ಹಿಂದಿರುಗಿಸಲು ಹೋದಾಗ ಯಜಮಾನರು ವಾದಿಸಲಿಲ್ಲ: “ಮಳೆಗಾಲದ ಮಾಲು ಸಾರ್ ಅದು, ಇಡಬಾರದಿತ್ತು” ಎಂದು ಹಣ ಮರಳಿಸಿದರು. ಒಂದೆಲಗದ ವಿಷಯದಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ. ಅದು ತೇವದ ನೆಲದ ಗಿಡ, ಅಡಿಕೆ ತೋಟದ ಬಸಿಗಾಲುವೆಗಳ ಅಂಚಿನಲ್ಲಿ ಹಬ್ಬುತ್ತದೆ. ಕೊಳೆರೋಗಕ್ಕೆಂದು ಮಳೆಗಾಲದಲ್ಲಿ ಅಡಿಕೆಗೆ ಸಿಂಪಡಿಸುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ತಾಮ್ರ ಕೆಳಗಿನ ಎಲೆಗಳ ಮೇಲೆಯೇ ಬೀಳುತ್ತದೆ, ಮಣ್ಣಿನಲ್ಲಿರುವ ಲೋಹಗಳನ್ನೂ ಈ ಗಿಡ ಹೀರಿಕೊಳ್ಳುತ್ತದೆ. ಊರಿನ ಹೆಸರಿನ ಜೊತೆಗೆ ಅದು ಎಂಥ ತೋಟದ್ದು ಎಂಬುದನ್ನೂ ಚೀಟಿಯಲ್ಲಿ ಬರೆದರೆ ಉಪಕಾರವಾದೀತು. ಹಿತ್ತಲಿನಲ್ಲಿ ಹಸಿ ಒಂದೆಲಗ ಸಿಗುವವರು ತಂಬುಳಿ ಮಾಡಿಕೊಳ್ಳುವುದೇ ಮೇಲು; ಇದನ್ನು ಇಲ್ಲಿ ಕೊಳ್ಳಲು ನಾನು ಹೇಳುವುದಿಲ್ಲ.

ನೆಲನೆಲ್ಲಿಯನ್ನು ಪುಡಿಮಾಡದೆ ಇಡೀ ಗಿಡವಾಗಿ ಮಾರುತ್ತಿರುವುದು ಮೆಚ್ಚುವಂಥದ್ದು. ಫಿಲಾಂಥಿನ್ ಎಂಬ ಮುಖ್ಯ ದ್ರವ್ಯ ಚೆನ್ನಾಗಿರುವುದು ಫಿಲಾಂಥಸ್ ಅಮಾರಸ್ ಎಂಬ ಪ್ರಭೇದದಲ್ಲಿ. ನೋಡಲು ಅದರಂತೆಯೇ ಇದ್ದು, ಕಾಂಡ ಕೆಂಪಾಗಿ ಕಾಯಿ ಒರಟಾಗಿರುವ ಯೂರಿನೇರಿಯಾ ಪ್ರಭೇದದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಇಡೀ ಗಿಡ ಕೈಯಲ್ಲಿದ್ದರೆ ಕಾಂಡ, ಕಾಯಿ ನೋಡಿ ಗುರುತಿಸಬಹುದು, ಪುಡಿಯಲ್ಲಿ ಬರಿಗಣ್ಣಿಗೆ ಅದು ಸಾಧ್ಯವಿಲ್ಲ. ನಾನು ತಂದ ಕಟ್ಟಿನಲ್ಲಿ ಕೆಂಪು ಕಾಂಡದ ಗಿಡ ಕಾಣಲಿಲ್ಲ.

ತುಳಸಿ 50 ಗ್ರಾಂಗೆ 90 ರೂಪಾಯಿ. ದುಬಾರಿ ಎನಿಸಬಹುದು, ಆದರೆ ಹಸಿ ತುಳಸಿಯಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲು ನೀರೇ ಆಗಿರುವುದರಿಂದ ಒಂದು ಕಿಲೋ ಒಣ ಎಲೆಗೆ ಐದಾರು ಕಿಲೋ ಹಸಿ ಎಲೆ ಬೇಕು. ಆ ಲೆಕ್ಕದಲ್ಲಿ ಬೆಲೆ ನ್ಯಾಯವಾದದ್ದೇ. ಪುಡಿಯ ಡಬ್ಬಿಗಳ ಬೆಲೆ ಇದಕ್ಕಿಂತ ಹೆಚ್ಚು, ಅದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ. ಕೊಳ್ಳುವವರು ಫೆಬ್ರವರಿ, ಮಾರ್ಚ್ ಎಂದು ಬರೆದ ಕಡೂರಿನ ಇಡಿ ಎಲೆಯನ್ನೇ ಕೇಳಿ ಪಡೆಯಲಿ, ಮನೆಗೆ ತಂದೊಡನೆ ಬೆಳಕು ತಾಗದ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಲಿ, ಬೇಕಾದಾಗ ಬೇಕಾದಷ್ಟನ್ನೇ ಪುಡಿಮಾಡಿಕೊಳ್ಳಲಿ. ಅಂಗಡಿ ಭಾನುವಾರ ಮುಚ್ಚಿರುತ್ತದೆ. ಒಣಗಿಸುವ ಕೋಣೆ ನೋಡಬೇಕೆನ್ನುವವರು ಎಲೆ ಬಂದಿಳಿಯುವ ಬೆಳಗಿನ ಹೊತ್ತಿಗೆ ಹೋಗುವುದು ಒಳ್ಳೆಯದು.